ಬೆಟ್ಟದ ವೈನು ಒಬ್ಬರದಲ್ಲ

ಆಲ್ಪ್ಸ್ ಬೆಟ್ಟಗಳ ಕೆಂಪು ವೈನಿನ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಒಂದೇ ಚಿತ್ರ ಕೊಡುತ್ತಾರೆ. ಕಡಿದಾದ ಇಳಿಜಾರು, ಅಂಗೈಯಗಲದ ತೋಟ, ಅದರಲ್ಲಿ ಒಬ್ಬಂಟಿ ಮುದುಕ, ಬೆನ್ನ ಮೇಲೆ ದ್ರಾಕ್ಷಿಯ ಬುಟ್ಟಿ. ಯಂತ್ರ ಹತ್ತಲಾರದ ಜಾಗ, ಕಂಪನಿ ಮುಟ್ಟದ ಕೈಕೆಲಸ. ಅದಕ್ಕೇ ಆ ವೈನಿಗೆ ಆ ರುಚಿ, ಅದಕ್ಕೇ ಆ ಬೆಲೆ ಎನ್ನುವುದು ಅವರ ವಾದ. ಅವರು ಸುಳ್ಳು ಹೇಳುತ್ತಿಲ್ಲ. ಆ ಮುದುಕ ಇದ್ದಾನೆ, ಬುಟ್ಟಿಯೂ ಇದೆ. ಅವನ ಮೇಲಿನ ಅಭಿಮಾನದಿಂದಲೇ ಅವರು ಬರೆಯುತ್ತಾರೆ ಎಂಬುದರಲ್ಲೂ ನನಗೆ ಅನುಮಾನವಿಲ್ಲ. ಆದರೆ ಆ ಚಿತ್ರದಿಂದ ಅವರು ತೆಗೆಯುವ ತೀರ್ಮಾನವನ್ನು ಒಪ್ಪುವುದು ನನಗೆ ಕಷ್ಟ. ಬೆಟ್ಟದ ತೋಟ ಚಿಕ್ಕದಾಗಿರುವುದೇ ಅದರ ಬಲ ಎಂದು ಅವರು ತಿಳಿದಿದ್ದಾರೆ. ಚಿಕ್ಕದಾಗಿರುವುದು ಅದರ ಸಂಕಟ. ಆ ಸಂಕಟದ ನಡುವೆಯೂ ಅದು ಉಳಿದಿದ್ದರೆ ಅದಕ್ಕೆ ಕಾರಣವಾದದ್ದು ಚಿತ್ರದ ಚೌಕಟ್ಟಿನಾಚೆ ಬಿಟ್ಟ ಸಂಗತಿಗಳು. ಊರಿನ ಸಹಕಾರ ಸಂಘ, ಪಕ್ಕದೂರಿನ ಕಾರ್ಖಾನೆಯ ಸಂಬಳ, ಒಮ್ಮೊಮ್ಮೆ ಸರ್ಕಾರದ ಹಣ.

ಕರೇಮಾ ಎಂಬ ಹಳ್ಳಿಯನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುತ್ತೇನೆ. ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯ ಮುಗಿಯುವುದೇ ಅಲ್ಲಿ. ಊರು ದಾಟಿದರೆ ಆವೊಸ್ತಾ ಕಣಿವೆ. ಆ ಕಣಿವೆಯ ಇನ್ನೊಂದು ತುದಿಗೆ ಮೋಂಟ್ ಬ್ಲಾಂಕ್. ಹಿಮನದಿಗಳ ನೀರು ಹೊತ್ತು ತರುವ ದೋರಾ ಬಾಲ್ತೆಯಾ ನದಿ ಊರ ಕೆಳಗೆ ಹರಿಯುತ್ತದೆ. ರೋಮನ್ನರ ಕಾಲದಲ್ಲಿ ಗಾಲ್ ದೇಶಕ್ಕೆ ಹೋಗುವ ದಾರಿ ಹಾದುಹೋಗುತ್ತಿದ್ದದ್ದು ಇಲ್ಲಿಂದಲೇ. ಊರಿನ ಬೆನ್ನಿಗೆ ಅರ್ಧಚಂದ್ರದಂತೆ ಬಾಗಿ ನಿಂತ ಬಂಡೆಗುಡ್ಡವಿದೆ. ಸಮುದ್ರಮಟ್ಟದಿಂದ ಸುಮಾರು 300 ಮೀಟರಿನಿಂದ 600 ಮೀಟರಿನವರೆಗೆ ಈ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಗೋಡೆ ಎಬ್ಬಿಸಿ, ಅದರ ಹಿಂದೆ ಹೊತ್ತು ತಂದ ಮಣ್ಣು ತುಂಬಿದ್ದಾರೆ. ಇಷ್ಟಾದರೂ ಇಡೀ ಊರಿನ ತೋಟ ಸೇರಿದರೆ ಕೆಲವೇ ಹತ್ತು ಎಕರೆಗಳ ಲೆಕ್ಕ. ಇದೇ ಪ್ರಾಂತ್ಯದ ಹೆಸರಾಂತ ಬರೋಲೊ ವೈನಿನ ತೋಟಗಳು ಎರಡು ಸಾವಿರ ಹೆಕ್ಟೇರು ದಾಟಿವೆ.

ಬಳ್ಳಿಗಳನ್ನು ಇಲ್ಲಿ ಚಪ್ಪರಕ್ಕೆ ಹಬ್ಬಿಸುತ್ತಾರೆ. ಚಪ್ಪರಕ್ಕೆ ಟೋಪಿಯಾ ಎಂದು ಹೆಸರು. ಅದನ್ನು ಹೊರುವ ಕಂಬಗಳು ಮರದವಲ್ಲ; ಕಲ್ಲು ಸುಣ್ಣದಲ್ಲಿ ಕಟ್ಟಿದ, ಬುಡ ದಪ್ಪವಾಗಿ ಮೇಲಕ್ಕೆ ಹೋಗುತ್ತ ಸಣ್ಣಗಾಗುವ ಗಟ್ಟಿ ಕಂಬಗಳು. ಪಿಲುನ್ ಎನ್ನುತ್ತಾರೆ. ಕಂಬ ಮತ್ತು ಗೋಡೆಯ ಕಲ್ಲು ಹಗಲಿಡೀ ಬಿಸಿಲು ಕುಡಿದು ರಾತ್ರಿ ಆ ಕಾವನ್ನು ನಿಧಾನವಾಗಿ ಬಿಡುತ್ತದೆ. ನೆಬ್ಬಿಯೋಲೊ ಎಂಬ ಅಲ್ಲಿಯ ದ್ರಾಕ್ಷಿಗೆ ಈ ಕಾವು ಬೇಕೇ ಬೇಕು, ಏಕೆಂದರೆ ಅದು ತಡವಾಗಿ ಹಣ್ಣಾಗುವ ಜಾತಿ. ಅಕ್ಟೋಬರ್ ತಿಂಗಳ ತನಕ ಬಳ್ಳಿಯಲ್ಲೇ ಇರುತ್ತದೆ. ಬೆಟ್ಟದಲ್ಲಿ ಅಷ್ಟು ಹೊತ್ತಿಗೆ ಚಳಿ ಇಳಿದಿರುತ್ತದೆ. ಬರೋಲೊ ಆಗುವುದೂ ಇದೇ ದ್ರಾಕ್ಷಿಯಿಂದ. ಆದರೆ ಕರೇಮಾದಲ್ಲಿ ಅದರ ಗುಣ ಬೇರೆ. ಬಣ್ಣ ತೆಳು, ಮಾಗಿದ ಮೇಲೆ ಇಟ್ಟಿಗೆಯ ಕೆಂಪು. ಮೂಗಿಗೆ ಒಣಗಿದ ಗುಲಾಬಿ, ನಾಲಿಗೆಗೆ ಚುರುಕು ಹುಳಿ, ಆಮೇಲೆ ಅಡಿಕೆ ಜಗಿದ ಹಾಗೆ ಒಗರು. ಆ ಒಗರು ಇಳಿಯಲು ವರ್ಷಗಳು ಬೇಕು. ನಿಯಮದ ಪ್ರಕಾರವೇ ಎರಡು ವರ್ಷ ಇಟ್ಟು ಮಾಗಿಸದೆ ಕರೇಮಾ ಎಂಬ ಹೆಸರಲ್ಲಿ ಮಾರುವಂತಿಲ್ಲ; ರಿಸೆರ್ವಾ ಎನ್ನಬೇಕಾದರೆ ಮೂರು ವರ್ಷ. ಗಾಢ ಬಣ್ಣವೇ ಒಳ್ಳೆಯ ಕೆಂಪು ವೈನಿನ ಗುರುತು ಎಂದುಕೊಂಡವರಿಗೆ ಇದು ಮೊದಲ ಗುಟುಕಿನಲ್ಲಿ ಹಿಡಿಸುವುದಿಲ್ಲ. ನನ್ನ ಮಟ್ಟಿಗೆ ಇಟಲಿಯ ಅತಿ ಸುಂದರ ವೈನುಗಳಲ್ಲಿ ಇದೂ ಒಂದು, ಮತ್ತು ಅದು ಇಲ್ಲವಾಗಬಾರದು ಎಂಬ ಕಾಳಜಿಯಿಂದಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಈಗ ಒಂದು ಲೆಕ್ಕ ಹಾಕೋಣ. ಆಲ್ಪ್ಸಿನ ಇಟಾಲಿಯನ್, ಫ್ರೆಂಚ್ ಮಾತಿನ ಕಣಿವೆಗಳಲ್ಲಿ ಅಪ್ಪನ ಆಸ್ತಿ ಮಕ್ಕಳಿಗೆಲ್ಲ ಸಮಪಾಲು. ತಲೆಮಾರು ಉರುಳಿದಂತೆ ತೋಟ ಹಿಸ್ಸೆಯಾಗುತ್ತ ಹೋಯಿತು. ಒಬ್ಬನಿಗೆ ಮೇಲೆ ಎರಡು ಮೆಟ್ಟಿಲು, ಕೆಳಗೆಲ್ಲೋ ಇನ್ನೊಂದು. ಕಾಲು ಎಕರೆ ಇರುವವನ ಕೈಗೆ ವರ್ಷಕ್ಕೆ ಸಿಗುವುದು ಕೆಲವು ನೂರು ಬಾಟಲಿಗಾಗುವಷ್ಟು ದ್ರಾಕ್ಷಿ. ಅಷ್ಟಕ್ಕೆ ಅವನು ಪೀಪಾಯಿ ತರಬೇಕು, ಅದು ತುಂಬದೆ ಗಾಳಿಯಾಡಿದರೆ ಒಳಗಿನ ವೈನು ಹುಳಿಯುತ್ತದೆ. ತಂಪು ನೆಲಮಾಳಿಗೆ ಬೇಕು. ಎರಡು ಮೂರು ವರ್ಷ ಒಂದು ಪೈಸೆ ಬಾರದೆ ಕಾಯಬೇಕು. ಆಮೇಲೆ ಮಾರುಕಟ್ಟೆ ಹುಡುಕಬೇಕು. ಬಯಲುಸೀಮೆಯಲ್ಲಿ ಯಂತ್ರದಿಂದ ನಡೆಯುವ ತೋಟದ ಕೆಲಸ ಹೆಕ್ಟೇರಿಗೆ ವರ್ಷಕ್ಕೆ ಕೆಲವು ನೂರು ಗಂಟೆಯೊಳಗೆ ಮುಗಿದರೆ, ಇಂಥ ಮೆಟ್ಟಿಲು ತೋಟ ಸಾವಿರ ಗಂಟೆಗೂ ಹೆಚ್ಚು ಕೇಳುತ್ತದೆ. ಬಳ್ಳಿ ಸವರುವುದು, ಕಟ್ಟುವುದು, ಬಿದ್ದ ಗೋಡೆ ಎತ್ತುವುದು, ಕೊಯ್ಲು, ಹೊರೆ. ಈ ಲೆಕ್ಕದಲ್ಲಿ ಒಬ್ಬಂಟಿಯಾಗಿ ಯಾರೂ ಗೆಲ್ಲುವುದಿಲ್ಲ. ಚಿತ್ರದಲ್ಲಿ ಕಾಣುವ ಆ ಮುದುಕ ನಿಜಕ್ಕೂ ಒಬ್ಬಂಟಿಯಾಗಿದ್ದರೆ ಅವನ ತೋಟ ಎಂದೋ ಕಾಡಾಗಿರುತ್ತಿತ್ತು.

ಕರೇಮಾದ ಬೆಳೆಗಾರರು 1960ರಲ್ಲಿ ತಮ್ಮ ಸಹಕಾರ ಸಂಘ ಕಟ್ಟಿಕೊಂಡರು. ತುಂಡು ತುಂಡು ತೋಟದವರು ದ್ರಾಕ್ಷಿ ತಂದು ಸುರಿಯುತ್ತಾರೆ. ಪೀಪಾಯಿ, ನೆಲಮಾಳಿಗೆ, ಕಾಯುವ ತಾಳ್ಮೆ, ಮಾರಾಟ ಎಲ್ಲ ಸಂಘದ್ದು. ಏಳು ವರ್ಷಗಳ ನಂತರ, 1967ರಲ್ಲಿ, ಈ ವೈನಿಗೆ ಊರಿನ ಹೆಸರಿನ ಕಾನೂನು ರಕ್ಷಣೆಯಾದ ಡಿಒಸಿ ಸಿಕ್ಕಿತು. ಇವ್ರೇಯಾ ಪಟ್ಟಣದ ಫೆರಾಂಡೊ ಮನೆತನವೂ ಕರೇಮಾ ವೈನನ್ನು ಹೊರದೇಶಗಳಿಗೆ ಮುಟ್ಟಿಸಿದೆ, ಆ ಋಣವನ್ನು ಮರೆಯುವಂತಿಲ್ಲ. ಆದರೆ ಪ್ರತಿ ಮೆಟ್ಟಿಲಿನ ಗೋಡೆಯನ್ನು ನಿಲ್ಲಿಸಿದ್ದು ಸಂಘದ ತಕ್ಕಡಿ. ಪಕ್ಕದ ಆವೊಸ್ತಾ ಕಣಿವೆಯಲ್ಲೂ ಇದೇ ಕಥೆ. ಕರೇಮಾದ ನೆರೆಯೂರಾದ ದೊನ್ನಾಸ್‌ನಲ್ಲಿ ಇದೇ ನೆಬ್ಬಿಯೋಲೊ, ಇಂಥದೇ ಗುಡ್ಡ. ಅಲ್ಲಿಯ ಸಹಕಾರ ಸಂಘ ಹುಟ್ಟಿದ್ದು 1971ರಲ್ಲಿ. ಅದೇ ವರ್ಷ ದೊನ್ನಾಸ್ ವೈನಿಗೆ ಆ ಕಣಿವೆಯ ಮೊದಲ ಡಿಒಸಿ ಸಿಕ್ಕಿತು.

ಕಾರ್ಖಾನೆಯ ಮಾತು ಎತ್ತಿದರೆ ಬೆಟ್ಟದ ವೈನಿನ ಅಭಿಮಾನಿಗಳಿಗೆ ಬೇಸರ ಎಂದು ಬಲ್ಲೆ. ಆದರೂ ಎತ್ತಲೇಬೇಕು. ಕರೇಮಾದಿಂದ ದಕ್ಷಿಣಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರಿನಲ್ಲಿ ಇವ್ರೇಯಾ. 1908ರಲ್ಲಿ ಕಮಿಲ್ಲೊ ಒಲಿವೆಟ್ಟಿ ಅಲ್ಲಿ ಟೈಪ್‌ರೈಟರ್ ಕಾರ್ಖಾನೆ ತೆರೆದರು. ಅವರ ಮಗ ಅದ್ರಿಯಾನೊ ಕಾಲಕ್ಕೆ ಅದು ಜಗತ್ಪ್ರಸಿದ್ಧವಾಯಿತು. 1950ರಲ್ಲಿ ಬಂದ ಲೆಟೆರಾ 22 ಎಂಬ ಪುಟ್ಟ ಟೈಪ್‌ರೈಟರನ್ನು ಈಗಲೂ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದಾರೆ. ಸುತ್ತಲಿನ ಕನಾವೇಜೆ ಸೀಮೆಯ ಹಳ್ಳಿಗಳಿಂದ ಜನ ಕೆಲಸಕ್ಕೆ ಹೊರಟರು. ಕರೇಮಾದವರೂ ಹೊರಟರು. ತೋಟಗಳು ಪಾಳುಬಿದ್ದವು, ವೈನಿನ ಊರನ್ನು ಟೈಪ್‌ರೈಟರ್ ನುಂಗಿತು ಎಂದು ಬರೆದವರಿದ್ದಾರೆ. ಇದರಲ್ಲಿ ಸತ್ಯವಿದೆ. ಒಂದು ಕಾಲಕ್ಕೆ ಇದ್ದ ತೋಟಗಳಲ್ಲಿ ಸಣ್ಣ ಪಾಲು ಮಾತ್ರ ಈಗ ಉಳಿದಿದೆ. ಮೇಲಿನ ಮೆಟ್ಟಿಲುಗಳಲ್ಲಿ ಕಾಡು ಬೆಳೆದಿದೆ, ಮರಗಳ ನಡುವೆ ಚಪ್ಪರವಿಲ್ಲದ ಕಲ್ಲುಕಂಬಗಳು ನಿಂತಿವೆ.

ಆದರೆ ಕಾರ್ಖಾನೆ ಇಲ್ಲದ ಕಣಿವೆಗಳಿಗೆ ಏನಾಯಿತು ಎಂಬುದನ್ನೂ ನೋಡಬೇಕಲ್ಲ. ಇದೇ ಪಿಯೆಮೊಂಟೆಯ ದಕ್ಷಿಣಕ್ಕೆ ಕೂನಿಯೊ ಬೆಟ್ಟಸೀಮೆಯಿದೆ. ನುತೊ ರೆವೆಲ್ಲಿ ಎಂಬ ಲೇಖಕರು ಅಲ್ಲಿಯ ಬಡ ರೈತರ ಬಾಯಿಮಾತುಗಳನ್ನು ಧ್ವನಿಮುದ್ರಿಸಿ 1977ರಲ್ಲಿ ಪುಸ್ತಕ ಮಾಡಿದರು. ಹೆಸರು ‘ಸೋತವರ ಲೋಕ’. ಆ ಪುಸ್ತಕದ ಉದ್ದಕ್ಕೂ ಇರುವುದು ಹಸಿವು, ಸಾಲ, ಫ್ರಾನ್ಸಿಗೆ ಅಮೆರಿಕಕ್ಕೆ ವಲಸೆ, ಮುಚ್ಚಿದ ಮನೆಗಳ ಸುದ್ದಿ. ಅಲ್ಲಿಂದ ಹೋದವರು ಸಂಜೆ ಮನೆಗೆ ಬರಲಿಲ್ಲ. ಕರೇಮಾದಿಂದ ಹೋದವರು ಬಂದರು. ಪಾಳಿ ಮುಗಿಸಿ ಬಂದು ಬಳ್ಳಿ ಕಟ್ಟಿದರು, ರಜೆಯ ದಿನ ಗೋಡೆ ಎತ್ತಿದರು. ಒಂದು ವರ್ಷ ಆಲಿಕಲ್ಲು ಬಿದ್ದು ಬೆಳೆ ಹೋದರೂ ತಿಂಗಳ ಸಂಬಳ ಬರುತ್ತಿತ್ತು, ಆದ್ದರಿಂದ ತೋಟ ಮಾರುವ ಗತಿ ಬರಲಿಲ್ಲ. ದ್ರಾಕ್ಷಿಯಿಂದಲೇ ಹೊಟ್ಟೆ ತುಂಬಬೇಕು ಎಂಬ ಹಟವಿದ್ದಿದ್ದರೆ ಆ ತೋಟಗಳಲ್ಲಿ ಇಷ್ಟೂ ಉಳಿಯುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದ್ರಿಯಾನೊ ಒಲಿವೆಟ್ಟಿ ಇದನ್ನು ತಿಳಿದೇ ನಡೆದುಕೊಂಡವರು. ದುಡಿಯುವವರೆಲ್ಲ ಹಳ್ಳಿ ಬಿಟ್ಟು ಕಾರ್ಖಾನೆಯ ಸುತ್ತ ಬಂದು ತುಂಬಿಕೊಳ್ಳಬಾರದು, ಊರುಗಳು ಊರುಗಳಾಗಿಯೇ ಉಳಿಯಬೇಕು ಎಂದು ಅವರು ಬಯಸಿದ್ದರು. ಅದಕ್ಕಾಗಿಯೇ 1954ರಲ್ಲಿ ಕನಾವೇಜೆ ಸೀಮೆಯ ಪಟ್ಟಣ ಹಳ್ಳಿಗಳ ಪುನಶ್ಚೇತನಕ್ಕೆಂದು ಒಂದು ಸಂಸ್ಥೆ ಕಟ್ಟಿ, ಹಳ್ಳಿಗಳಲ್ಲಿ ಸಣ್ಣ ಉದ್ದಿಮೆಗೂ ಕೃಷಿ ಸಹಕಾರಕ್ಕೂ ನೆರವು ಕೊಟ್ಟರು. ಅವರು 1960ರ ಫೆಬ್ರುವರಿಯಲ್ಲಿ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗಲೇ ತೀರಿಕೊಂಡರು; ಬಳಿಕ ಆ ಪ್ರಯತ್ನ ಹಿಂದಿನ ಕಸುವಿನಲ್ಲಿ ನಡೆಯಲಿಲ್ಲ. 2018ರಲ್ಲಿ ಯುನೆಸ್ಕೊ ಇವ್ರೇಯಾವನ್ನು ಇಪ್ಪತ್ತನೇ ಶತಮಾನದ ಕೈಗಾರಿಕಾ ನಗರವೆಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುವ ಕಸುಬನ್ನು, ಇಟಲಿ ಸೇರಿ ಎಂಟು ದೇಶಗಳ ಹೆಸರಿನಲ್ಲಿ, ಮಾನವಕುಲದ ಅಮೂರ್ತ ಪರಂಪರೆ ಎಂದು ಮಾನ್ಯ ಮಾಡಿತು. ಕಾರ್ಖಾನೆ ನೋಡಲು ಬಂದವರು ಗೋಡೆ ನೋಡುವುದಿಲ್ಲ, ಗೋಡೆ ನೋಡಲು ಬಂದವರು ಕಾರ್ಖಾನೆಗೆ ಬೆನ್ನು ಹಾಕಿ ಫೋಟೊ ತೆಗೆಯುತ್ತಾರೆ. ಎರಡೂ ಒಂದೇ ಜನರ ಕೈಕೆಲಸ ಎಂಬುದು ಎರಡು ಪಟ್ಟಿಗಳ ನಡುವೆ ಬಿದ್ದುಹೋಗಿದೆ.

ಸಹಕಾರ ಸಂಘ ಎಂದ ಕೂಡಲೇ ಬರುವ ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಸಂಘದಲ್ಲಿ ಎಲ್ಲರ ದ್ರಾಕ್ಷಿ ಬೆರೆಯುತ್ತದೆ, ಒಂದು ತೋಟದ ಗುಣ ಇನ್ನೊಂದರಲ್ಲಿ ಕರಗುತ್ತದೆ. ತೂಕಕ್ಕೆ ದುಡ್ಡು ಕೊಟ್ಟರೆ ಬೆಳೆಗಾರ ಗುಣ ಬಿಟ್ಟು ತೂಕದ ಹಿಂದೆ ಬೀಳುತ್ತಾನೆ. ಕೊನೆಗೆ ಬರುವುದು ಸಾಧಾರಣ ವೈನು. ಯುರೋಪಿನ ಎಷ್ಟೋ ಸಂಘಗಳ ಮಟ್ಟಿಗೆ ಇದು ನಿಜವಾಗಿತ್ತು, ಕೆಲವೆಡೆ ಇಂದಿಗೂ ನಿಜ. ಆದರೆ ಇದು ಸಂಘದ ಹುಟ್ಟುಗುಣವಲ್ಲ, ತಕ್ಕಡಿಯ ಪಕ್ಕದಲ್ಲಿ ಏನನ್ನು ಅಳೆಯುತ್ತಾರೆ ಎಂಬುದರ ಫಲ. ಬಾರ್ಬರೆಸ್ಕೊ ಊರಿನ ಪಾದ್ರಿಯೊಬ್ಬರು 1958ರಲ್ಲಿ ಹತ್ತೊಂಬತ್ತು ಸಣ್ಣ ಬೆಳೆಗಾರರನ್ನು ಕೂಡಿಸಿ ಕಟ್ಟಿದ ಸಂಘ ಇಂದು ನೆಬ್ಬಿಯೋಲೊ ವೈನಿನ ದೊಡ್ಡ ಹೆಸರುಗಳಲ್ಲಿ ಒಂದು. ಒಳ್ಳೆಯ ವರ್ಷಗಳಲ್ಲಿ ಅದು ಒಂದೊಂದು ಗುಡ್ಡದ ವೈನನ್ನು ಬೇರೆ ಬೇರೆಯಾಗಿಯೇ ಬಾಟಲಿಗೆ ತುಂಬುತ್ತದೆ. ಆಲ್ಪ್ಸಿನ ದಕ್ಷಿಣ ತಿರೋಲ್ ಸೀಮೆಯಲ್ಲಿ ತೆರ್ಲಾನ್ ಊರಿನ ಸಂಘ ಹುಟ್ಟಿದ್ದು 1893ರಲ್ಲಿ. ಅದರ ಬಿಳಿ ವೈನುಗಳು ದಶಕಗಳ ಕಾಲ ಮಾಗಿಯೂ ಕಸುವು ಕಳೆದುಕೊಳ್ಳುವುದಿಲ್ಲವೆಂದು ಬಲ್ಲವರು ಹುಡುಕಿಕೊಂಡು ಹೋಗುತ್ತಾರೆ. ಆ ಸೀಮೆಯ ವೈನಿನಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಪಾಲು ಸಹಕಾರ ಸಂಘಗಳದೇ.

ಇಲ್ಲಿ ನಮ್ಮ ನೆಲಕ್ಕೂ ಒಂದು ಎಳೆ ಬರುತ್ತದೆ. ಜರ್ಮನಿಯ ರೈನ್ ಸೀಮೆಯಲ್ಲಿ ಫ್ರೀಡ್ರಿಶ್ ರೈಫೈಸೆನ್ (1818–1888) ಎಂಬ ಹಳ್ಳಿಯ ಮೇಯರು ಬಡ್ಡಿಸಾಲದಿಂದ ರೈತರನ್ನು ಬಿಡಿಸಲು ಹಳ್ಳಿಗಳ ಸಾಲ ಸಹಕಾರವನ್ನು ರೂಪಿಸಿದರು. ಆ ವಿಚಾರ ದಕ್ಷಿಣಕ್ಕೆ ಆಲ್ಪ್ಸ್ ದಾಟಿತು. 1883ರಲ್ಲಿ ಇಟಲಿಯ ಲೊರೆಜ್ಜಾ ಎಂಬಲ್ಲಿ ಅದೇ ಮಾದರಿಯ ಮೊದಲ ಗ್ರಾಮೀಣ ಬ್ಯಾಂಕು ಬಂತು, ತಿರೋಲ್ ಸೀಮೆಯಲ್ಲಿಯೂ ಬೇರೂರಿತು. 1890ರ ದಶಕದಲ್ಲಿ ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕೊಲ್ಸನ್ ಯುರೋಪಿನ ಇಂಥ ಬ್ಯಾಂಕುಗಳನ್ನು ಅಧ್ಯಯನ ಮಾಡಿ, ನಮಗೂ ರೈಫೈಸೆನ್ ಬೇಕು ಎಂಬ ಅರ್ಥದ ವರದಿ ಕೊಟ್ಟರು. ಅದರ ಬೆನ್ನಿಗೆ 1904ರ ಸಹಕಾರ ಸಾಲ ಸಂಘಗಳ ಕಾಯಿದೆ, ಅದರಡಿ 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ. ಕಣಗಿನಹಾಳದ ಹೆಸರು ಕೇಳಿದರೆ ನಾವು ಹೆಮ್ಮೆಪಡುತ್ತೇವೆ. ಆದರೆ ಆಲ್ಪ್ಸಿನ ವೈನಿನ ಬಾಟಲಿಯ ಮೇಲೆ ಸಹಕಾರ ಸಂಘದ ಹೆಸರು ಕಂಡರೆ, ಇದು ಕೈಕೆಲಸದ್ದಲ್ಲವೇನೋ ಎಂದು ಕೆಳಗಿಟ್ಟುಬಿಡುವ ಅಭ್ಯಾಸ ನಮ್ಮ ವೈನ್ ರಸಿಕರಿಗೂ ಅಂಟಿದೆ. ಇದು ನ್ಯಾಯವಲ್ಲ.

‘ವೀರ ಕೃಷಿ’ ಎಂಬ ಹೊಗಳಿಕೆಯ ಬಗ್ಗೆಯೂ ನನ್ನ ತಕರಾರಿದೆ. ಬೆಟ್ಟದ ದ್ರಾಕ್ಷಿ ಬೇಸಾಯಕ್ಕಾಗಿಯೇ 1987ರಲ್ಲಿ ಆವೊಸ್ತಾ ಕಣಿವೆಯಲ್ಲಿ ಚೆರ್ವಿಮ್ ಎಂಬ ಕೇಂದ್ರ ಶುರುವಾಯಿತು. ಶೇ 30ಕ್ಕಿಂತ ಹೆಚ್ಚಿನ ಇಳಿಜಾರು, 500 ಮೀಟರಿಗಿಂತ ಹೆಚ್ಚಿನ ಎತ್ತರ, ಮೆಟ್ಟಿಲು ತೋಟ, ಇಲ್ಲವೇ ಸಣ್ಣ ದ್ವೀಪ: ಇವು ಅದು ಇಟ್ಟ ಅಳತೆಗೋಲುಗಳು. 2016ರ ಇಟಲಿಯ ವೈನ್ ಕಾಯಿದೆಯಲ್ಲೂ ವೀರ ತೋಟಗಳ ರಕ್ಷಣೆಯ ಮಾತು ಬಂದಿದೆ. ಅಳತೆ, ಕಾಯಿದೆ, ಎರಡೂ ಒಳ್ಳೆಯವು. ಬಿದ್ದ ಗೋಡೆಗೆ ಸರ್ಕಾರದ ಹಣ ಬರಬೇಕಾದರೆ ಇಂಥ ಗುರುತು ಬೇಕು. ನನ್ನ ತಕರಾರು ಇರುವುದು ಅಂಗಡಿಯಲ್ಲಿ ಆ ಹೆಸರು ಮಾಡುವ ಕೆಲಸದ ಬಗ್ಗೆ. ಒಬ್ಬ ಕೆಲಸಗಾರನನ್ನು ವೀರ ಎಂದು ಕರೆದ ಮೇಲೆ ಅವನಿಗೆ ಗಂಟೆಗೆ ಎಷ್ಟು ಸಿಗುತ್ತದೆ ಎಂದು ಕೇಳಲು ನಾಲಿಗೆ ಹೊರಳುವುದಿಲ್ಲ. ಅವನ ಬೆನ್ನುನೋವು ವೈನಿನ ಗುಣಗಳ ಪಟ್ಟಿಗೆ ಸೇರಿಹೋಗುತ್ತದೆ. ಗುಡ್ಡದ ತೋಟಗಳಿಗೆ ಒಂದೇ ಹಳಿಯ ಮೇಲೆ ಓಡುವ ಪುಟ್ಟ ಸರಕು ಬಂಡಿ ಬಂದಾಗ, ವಾಲ್ತೆಲ್ಲಿನಾ ಕಣಿವೆಯಲ್ಲಿ ಹೆಲಿಕಾಪ್ಟರಿನಿಂದ ದ್ರಾಕ್ಷಿ ಇಳಿಸಲು ತೊಡಗಿದಾಗ, ಹಳೆಯ ಸೊಗಸು ಹೋಯಿತು ಎಂದು ಕೊರಗಿದವರುಂಟು. ಆ ಬುಟ್ಟಿಯನ್ನು ಒಂದು ದಿನ ಹೊತ್ತವರು ಹಾಗೆ ಹೇಳಲಾರರು. ಬೆವರಿಗೆ ರುಚಿಯಿಲ್ಲ. ಕರೇಮಾ ವೈನಿನ ರುಚಿ ಬರುವುದು ಆ ಕಲ್ಲಿನಿಂದ, ಆ ಜಾತಿಯ ಬಳ್ಳಿಯಿಂದ, ಹಗಲ ಬಿಸಿಗೂ ಇರುಳ ತಂಪಿಗೂ ಇರುವ ಅಂತರದಿಂದ, ಸರಿಯಾದ ದಿನ ಕೊಯ್ಯುವ ಕಣ್ಣಿನಿಂದ. ಬುಟ್ಟಿ ಬಂಡಿಯಲ್ಲಿ ಇಳಿದರೂ ಅದೇ ರುಚಿ.

ಚಿಕ್ಕ ತೋಟದ ಮಾತು ಬಂದಾಗ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದ ಸಯ್ಯೋಂ ಊರನ್ನು ಬಿಡಲಾಗದು. ಅಲ್ಲಿ ಮೂರೇ ಮೂರು ಬಳ್ಳಿಗಳ ತೋಟವೊಂದಿದೆ. ಖೋಟಾ ನಾಣ್ಯ ಮಾಡಿ ಬಡವರಿಗೆ ಹಂಚುತ್ತಿದ್ದನೆಂದು ಜನ ಹೇಳುವ, 1880ರಲ್ಲಿ ಸತ್ತ ಫರಿನೆ ಎಂಬಾತನ ನೆನಪಿಗೆ ನೆಟ್ಟದ್ದು. ಬಡವರ ಸೇವೆಯಲ್ಲಿ ಹೆಸರಾದ ಫ್ರೆಂಚ್ ಪಾದ್ರಿ ಅಬ್ಬೆ ಪಿಯೇರ್ ಒಡೆತನದಲ್ಲಿದ್ದ ಅದು 1999ರಿಂದ ದಲೈ ಲಾಮಾ ಅವರ ಹೆಸರಿನಲ್ಲಿದೆ. ಜಗತ್ತಿನ ಅತಿ ಚಿಕ್ಕ ದ್ರಾಕ್ಷಿ ತೋಟವೆಂದು ನೋಡಲು ಜನ ಬರುತ್ತಾರೆ. ಆ ಮೂರು ಬಳ್ಳಿಯ ರಸವನ್ನು ವಾಲೆಯ ಬೇರೆ ತೋಟಗಳ ವೈನಿನೊಡನೆ ಬೆರೆಸಿ ಬಾಟಲಿಗೆ ತುಂಬಿ, ಮಾರಿದ ಹಣವನ್ನು ದಾನಕ್ಕೆ ಕೊಡುತ್ತಾರೆ. ಅತಿ ಚಿಕ್ಕ ತೋಟದ ಬಾಟಲಿ ತುಂಬುವುದೂ ನೆರೆಯವರ ದ್ರಾಕ್ಷಿಯಿಂದಲೇ.

ಹಾಗೆಂದು ಒಬ್ಬೊಬ್ಬರೇ ಮಾಡುವ ಪ್ರಯತ್ನಕ್ಕೆ ನಾನು ವಿರೋಧಿಯಲ್ಲ. ಇತ್ತೀಚಿನ ವರ್ಷಗಳಲ್ಲಿ ಕರೇಮಾದ ಪಾಳು ಮೆಟ್ಟಿಲುಗಳನ್ನು ಸವರಿ, ಚಪ್ಪರ ಎಬ್ಬಿಸಿ, ತಮ್ಮದೇ ಹೆಸರಲ್ಲಿ ವೈನು ಮಾಡುವ ಯುವಕರು ಬಂದಿದ್ದಾರೆ. ಸಂತೋಷದ ಸಂಗತಿ. ಹೊಸತನ್ನು ಮಾಡಿ ನೋಡುವ ಧೈರ್ಯ ಸಂಘಕ್ಕಿಂತ ಅವರಿಗೆ ಹೆಚ್ಚು. ಹವಾಮಾನ ಬದಲಾಗುತ್ತಿರುವ ಈ ಕಾಲಕ್ಕೆ ಅದು ಬೇಕು ಕೂಡ. ಹತ್ತೊಂಬತ್ತನೇ ಶತಮಾನದ ಕೊನೆಯಿಂದೀಚೆಗೆ ಆಲ್ಪ್ಸಿನ ತಾಪ ಸುಮಾರು ಎರಡು ಡಿಗ್ರಿ ಏರಿದೆ, ಜಗತ್ತಿನ ಸರಾಸರಿಯ ಸುಮಾರು ಇಮ್ಮಡಿ. ಒಂದು ಕಾಲಕ್ಕೆ ಹಣ್ಣಾಗುವುದೇ ಕಷ್ಟವಾಗಿದ್ದ ಎತ್ತರದಲ್ಲಿ ಈಗ ನೆಬ್ಬಿಯೋಲೊ ನೆಮ್ಮದಿಯಾಗಿ ಹಣ್ಣಾಗುತ್ತಿದೆ. ಕಾವು ಹಿಡಿಯಲೆಂದು ಕಟ್ಟಿದ ಚಪ್ಪರದ ಎಲೆಗಳು ಈಗ ಗೊಂಚಲನ್ನು ಬಿಸಿಲಿನಿಂದ ಕಾಯುತ್ತಿವೆ. ಜಾಣ ಯುವಕರು ಇದನ್ನು ನೋಡಿಯೇ ಮೇಲಿನ ಮೆಟ್ಟಿಲುಗಳಿಗೆ ಹತ್ತುತ್ತಿದ್ದಾರೆ.

ಆದರೆ ಅವರ ಮೆಟ್ಟಿಲೂ ಒಂಟಿಯಾಗಿಲ್ಲ. ಗಾರೆಯಿಲ್ಲದ ಗೋಡೆ ಮಳೆನೀರನ್ನು ತಡೆಯುವುದಿಲ್ಲ, ಸಂದುಗಳಿಂದ ಸೋಸಿ ಕೆಳಗೆ ಬಿಡುತ್ತದೆ. ಅದೇ ಅದರ ಜಾಣ್ಮೆ. ಮೇಲಿನವನು ತೋಟ ಬಿಟ್ಟರೆ ಅವನ ಗೋಡೆಯ ಸಂದುಗಳಿಗೆ ಬೇರು ನುಗ್ಗುತ್ತದೆ, ನೀರು ಒಂದೆಡೆ ಕಟ್ಟುತ್ತದೆ, ಗೋಡೆ ಉಬ್ಬಿ ಒಂದು ದಿನ ಕುಸಿಯುತ್ತದೆ. ಆ ಕಲ್ಲು ಮಣ್ಣು ಬೀಳುವುದು ಕೆಳಗಿನವನ ಚಪ್ಪರದ ಮೇಲೆ. ಕೆಳಗಿನವನು ಎಷ್ಟೇ ಶ್ರದ್ಧೆಯ ಕೆಲಸಗಾರನಾಗಿರಲಿ, ಅವನ ತೋಟದ ಆಯುಸ್ಸು ಮೇಲಿನವನ ಕೈಯಲ್ಲಿದೆ. ಬೆಲೆ ಏರಿದ ಒಂದೆರಡು ಬಾಟಲಿಗಳ ಒಡೆಯರು ಉಳಿದು, ಸಂಘಕ್ಕೆ ದ್ರಾಕ್ಷಿ ಹಾಕುವ ಸಾಧಾರಣ ಸದಸ್ಯರು ಒಬ್ಬೊಬ್ಬರಾಗಿ ಕೈಬಿಟ್ಟರೆ, ಆ ಒಂದೆರಡೂ ಹೆಚ್ಚು ದಿನ ನಿಲ್ಲುವುದಿಲ್ಲ.

ಆದ್ದರಿಂದ ಬೆಟ್ಟದ ವೈನನ್ನು ಪ್ರೀತಿಸುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಬಾಟಲಿಯ ಹಿಂಬದಿಯಲ್ಲಿ ಎತ್ತರ, ಇಳಿಜಾರು, ಅಜ್ಜನ ಕಥೆ ಎಲ್ಲ ಇರುತ್ತದೆ. ಇರಲಿ. ಅದರ ಜೊತೆಗೆ ಇನ್ನೂ ಕೆಲವನ್ನು ಮಾರುವವರಲ್ಲಿ ಕೇಳಿ. ಕಿಲೋ ದ್ರಾಕ್ಷಿಗೆ ಬೆಳೆಗಾರನ ಕೈಗೆ ಎಷ್ಟು ಸೇರಿತು? ಸಂಘದ ಸದಸ್ಯರಲ್ಲಿ ನಲವತ್ತು ದಾಟದವರು ಎಷ್ಟು ಮಂದಿ? ಕಳೆದ ಮಳೆಗಾಲದಲ್ಲಿ ಬಿದ್ದ ಗೋಡೆಯ ಖರ್ಚು ಯಾರು ಕೊಟ್ಟರು? ಇದಕ್ಕೆಲ್ಲ ನೇರ ಉತ್ತರ ಕೊಡುವ ಸಂಘದ ಬಾಟಲಿ ಸಿಕ್ಕರೆ ಅದನ್ನೇ ಕೊಳ್ಳಿ. ಈಗಿನದಕ್ಕಿಂತ ಬೆಲೆ ಹೆಚ್ಚಿಸಿದರೂ ಕೊಳ್ಳಿ.